‘ಮುಗಿಯಿತು’ ಅಳಿಸಿ ‘ಮುಟ್ಟಿತು’ ಬರೆದದ್ದು: ಬಳ್ಳಾರಿಯ ಒಂದು ಜೀನ್ಸ್ ಘಟಕ ಮತ್ತು ಅದರ ಕೆಲಸದ ಆ್ಯಪ್

ಏಳನೇ ಲಾಟಿನ, ಅಂದರೆ ಆರ್ಡರಿನ ಏಳನೇ ಕಂತಿನ, ನಾನೂರು ಪ್ಯಾಂಟು ವಾಷಿಂಗ್ ಮುಗಿಸಿ ಮರಳಿದ ದಿನ ಬೆಳಿಗ್ಗೆ ಎಂಟಕ್ಕೇ ಘಟಕದ ಮಾಲೀಕರ ಫೋನ್ ಬಂತು. ‘ಸರ್, ನಿಮ್ಮ ಆ್ಯಪಿನಲ್ಲಿ ಎಲ್ಲವೂ ಹಸಿರಾಗಿದೆ. ನನ್ನ ಮುಂದೆ ಮಾತ್ರ ಎರಡು ನೀಲಿ ಇವೆ. ಒಮ್ಮೆ ಬಂದು ನೋಡಿ ಹೋಗಿ’ ಎಂದರು. ಕೋಪ ಬಂದಾಗ ಅವರ ದನಿ ಇಳಿಯುತ್ತದೆ. ಅಂದು ಬಹಳ ಇಳಿದಿತ್ತು.

ಹೋಗಿ ನೋಡಿದೆ. ಟ್ಯೂಬ್‌ಲೈಟಿನ ಕೆಳಗೆ ಒಂದೇ ರಾಶಿಯಂತೆ ಕಂಡ ಮಾಲು, ಮಾಳಿಗೆಯ ಬಿಸಿಲಿಗೆ ತಂದು ಹರವಿದಾಗ ಎರಡಾಗಿ ಒಡೆಯಿತು. ಒಂದು ಪಾಲು ಆರ್ಡರಿನವರು ಕೊಟ್ಟ ಮಾದರಿಯಂತೆ ತಿಳಿಯಾಗಿತ್ತು. ಇನ್ನೊಂದು ಪಾಲು ಮಳೆಗಾಲದ ಮೋಡದಂತೆ ಕಪ್ಪಿಟ್ಟಿತ್ತು. ಕಟಿಂಗ್ ಮಾಸ್ಟರ್ ಪಕ್ಕದಲ್ಲೇ ನಿಂತಿದ್ದರು. ‘ನಾನು ಬರೆದಿದ್ದೆ ಸರ್. ಎರಡು ರೋಲಿನ ಬಟ್ಟೆ, ಬೇರೆ ಬೇರೆ ತೊಳೆಯಿರಿ ಎಂದು ಆ್ಯಪಿನಲ್ಲೇ ಬರೆದಿದ್ದೆ’ ಎಂದರು. ಆ್ಯಪಿನಲ್ಲಿ ಆ ಲಾಟಿನ ವಿವರ ಇರುವ ಕಾರ್ಡು ತೆರೆದೆವು. ಆ ಮಾತು ಅಲ್ಲಿರಲಿಲ್ಲ. ಮಾಸ್ಟರ್ ಸುಳ್ಳು ಹೇಳುವವರಲ್ಲ. ವಾಷಿಂಗಿನ ಮೇಸ್ತ್ರಿಯೂ ಓದಿ ಕಡೆಗಣಿಸುವ ಮನುಷ್ಯನಲ್ಲ. ಹಾಗಾದರೆ ಬರೆದ ಮಾತು ಎಲ್ಲಿ ಹೋಯಿತು ಎಂಬುದನ್ನು ಹುಡುಕುತ್ತ ಹೋದವನಿಗೆ ಅದಕ್ಕಿಂತ ದೊಡ್ಡದೇ ಸಿಕ್ಕಿತು. ಅದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ನನ್ನ ಪಾತ್ರವನ್ನು ಹೇಳಿಬಿಡುತ್ತೇನೆ. ಬಳ್ಳಾರಿಯಲ್ಲಿ ಕೆಲವು ಸಣ್ಣ ಘಟಕಗಳ ಲೆಕ್ಕಪತ್ರ ಮತ್ತು ಜಿಎಸ್‌ಟಿ ನೋಡಿಕೊಳ್ಳುವುದು ನನ್ನ ಕೆಲಸ. ಈ ಘಟಕಕ್ಕೆ ಆ್ಯಪ್ ತಂದವನು ನಾನೇ. ಹೊಸ ಸೌಲಭ್ಯಗಳು ಬಂದಾಗ ಅವೆಲ್ಲವನ್ನೂ ಒಂದೇ ದಿನ ಚಾಲೂ ಮಾಡಿದವನೂ ನಾನೇ.

ಮಾಲು ಸಾಗುವ ದಾರಿ

ಬಳ್ಳಾರಿ ಜೀನ್ಸ್ ಎಂದರೆ ಹೊರಗಿನವರು ಸಾಲು ಸಾಲು ಯಂತ್ರಗಳ ದೊಡ್ಡ ಕಾರ್ಖಾನೆಯನ್ನು ಊಹಿಸಿಕೊಳ್ಳುತ್ತಾರೆ. ಇಲ್ಲಿ ಅಂಥದ್ದು ಕಡಿಮೆ. ಬ್ರಿಟಿಷರ ಕಂಟೋನ್ಮೆಂಟ್ ಇದ್ದ ಕಾಲದಲ್ಲಿ ಸಿಪಾಯಿಗಳಿಗೆ ಬಟ್ಟೆ ಹೊಲಿಯುತ್ತಿದ್ದ ದರ್ಜಿಗಳಿಂದ ಈ ಕಸುಬು ಬೆಳೆಯಿತು ಎಂದು ಊರಿನವರು ಹೇಳುತ್ತಾರೆ. ಅದು ಇಂದಿಗೂ ಮನೆಯ, ಗಲ್ಲಿಯ ಕಸುಬಾಗಿಯೇ ಉಳಿದಿದೆ. ನಮ್ಮ ಘಟಕ ಕೌಲ್‌ಬಜಾರ್ ಕಡೆಯ ಒಂದು ಗಲ್ಲಿಯಲ್ಲಿದೆ. ಅಲ್ಲಿರುವುದು ಕಟಿಂಗ್ ಮೇಜು ಮತ್ತು ಇಪ್ಪತ್ತೆರಡು ಹೊಲಿಗೆ ಯಂತ್ರ. ಹೊಲಿಗೆಯ ಒಂದು ಪಾಲು ಐದು ಮನೆಗಳಿಗೆ ಹೋಗುತ್ತದೆ. ಕಾಜಾ, ಅಂದರೆ ಬಟನ್ನಿನ ತೂತು, ಹೊಡೆಯುವವರು ಎರಡು ಬೀದಿಯಾಚೆ ಇದ್ದಾರೆ. ವಾಷಿಂಗ್ ಊರಾಚೆ, ಮುಂಡ್ರಗಿ ಕಡೆಯ ತಗಡಿನ ಶೆಡ್ಡಿನಲ್ಲಿ. ಅಲ್ಲಿಂದ ಮರಳಿ ಬಂದ ಮೇಲೆ ದಾರ ಕತ್ತರಿಸುವುದು, ಬಟನ್ ಮತ್ತು ರಿವೆಟ್ ಹೊಡೆಯುವುದು, ಇಸ್ತ್ರಿ, ಪ್ಯಾಕಿಂಗ್. ಈ ಎಲ್ಲ ಜಾಗಗಳ ನಡುವೆ ಓಡಾಡುವುದು ಒಂದು ಗೂಡ್ಸ್ ಆಟೋ.

ಅಂದರೆ ಒಂದು ಪ್ಯಾಂಟು ಹುಟ್ಟಿ ಲಾರಿ ಹತ್ತುವ ಹೊತ್ತಿಗೆ ಕಡಿಮೆಯೆಂದರೂ ಐದು ಸಲ ಕೈ ಬದಲಾಗುತ್ತದೆ. ನನ್ನ ಅನುಭವದಲ್ಲಿ ಹೊಲಿಗೆ ತಪ್ಪಿ ಕೆಟ್ಟ ಮಾಲಿಗಿಂತ ಕೈ ಬದಲಾಗುವಾಗ ಕೆಟ್ಟ ಮಾಲೇ ಹೆಚ್ಚು.

ಬಣ್ಣದ ವಿಷಯವನ್ನೂ ಇಲ್ಲೇ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಡೆನಿಮ್ ಬಟ್ಟೆಯಲ್ಲಿ ಹಾಸಿನ ನೂಲಿಗೆ ಮಾತ್ರ ಇಂಡಿಗೊ ನೀಲಿ ಹಾಕಿರುತ್ತಾರೆ, ಹೊಕ್ಕಿನ ನೂಲು ಬಿಳಿಯದು. ಇಂಡಿಗೊ ನೂಲಿನ ಒಡಲಿಗೆ ಪೂರ್ತಿ ಇಳಿಯುವುದಿಲ್ಲ, ಮೇಲ್ಮೈಯಲ್ಲಿ ಕೂರುತ್ತದೆ. ಆದ್ದರಿಂದಲೇ ಒಗೆದಂತೆಲ್ಲ ಬಿಡುತ್ತದೆ, ಜೀನ್ಸಿಗೆ ಆ ಹಳತಾದ ಚೆಂದ ಬರುತ್ತದೆ. ವಾಷಿಂಗಿನವರು ಎನ್‌ಝೈಮ್ ಹಾಕಿ, ನೊರೆಗಲ್ಲು ಹಾಕಿ ಆ ಹಳತನವನ್ನು ಒಂದೆರಡು ತಾಸಿನಲ್ಲಿ ತರಿಸುತ್ತಾರೆ. ಆದರೆ ಒಂದೇ ಮಿಲ್ಲಿನಿಂದ ಬಂದ ಎರಡು ರೋಲುಗಳ ನೀಲಿಯೂ ಹಲವು ಸಲ ಒಂದೇ ಆಗಿರುವುದಿಲ್ಲ. ಹೊಸ ಬಟ್ಟೆಯಲ್ಲಿ ಕಣ್ಣಿಗೆ ಬೀಳದ ವ್ಯತ್ಯಾಸ ತೊಳೆದ ಮೇಲೆ ಎದ್ದು ಕಾಣುತ್ತದೆ. ಒಂದು ರೋಲಿಗೆ ನಲವತ್ತು ನಿಮಿಷ ಸಾಕಾದರೆ ಇನ್ನೊಂದಕ್ಕೆ ಐವತ್ತು ಬೇಕಾಗಬಹುದು. ಅದಕ್ಕೇ ಪ್ರತಿ ಬಂಡಲಿಗೆ ರೋಲ್ ನಂಬರ್ ಬರೆದ ಚೀಟಿ ಕಟ್ಟುತ್ತಾರೆ. ಆ ಚೀಟಿ ಕಾಗದದ್ದು. ನೀರಿಗೆ ಇಳಿಯುವ ಮುನ್ನ ಅದನ್ನು ಕಿತ್ತು ಹಾಕಲೇಬೇಕು. ಅಲ್ಲಿಂದ ಮುಂದೆ ಯಾವ ಪ್ಯಾಂಟು ಯಾವ ರೋಲಿನದು ಎಂಬುದು ಯಾರದಾದರೂ ತಲೆಯಲ್ಲಿ ಇರಬೇಕು, ಇಲ್ಲವೇ ಎಲ್ಲಾದರೂ ಬರೆದಿರಬೇಕು.

ಲಾಟಿಗೊಂದು ಕಾರ್ಡು ಇದ್ದ ಕಾಲ

ಆ್ಯಪಿಗೆ ಮುಂಚೆ ಎಲ್ಲ ಕೆಲಸವೂ ನಡೆಯುತ್ತಿದ್ದದ್ದು ಮಾಸ್ಟರ್ ಬರೆದಿಡುತ್ತಿದ್ದ ನೋಟ್‌ಬುಕ್ ಮತ್ತು ಒಂದು ವಾಟ್ಸ್‌ಆ್ಯಪ್ ಗುಂಪಿನ ಮೇಲೆ. ಗುಂಪಿನಲ್ಲಿ ‘ಮೂರನೇ ಲಾಟ್ ಕಳಿಸಿದೆ’ ಎಂಬ ಸಂದೇಶ ಬಂದ ಅರ್ಧ ತಾಸಿಗೆ ಯಾರದೋ ಮದುವೆಯ ಕರೆಯೋಲೆ, ದುರ್ಗಮ್ಮನ ಗುಡಿಯ ಫೋಟೋ, ಶುಭೋದಯಗಳು ಬಂದು ಆ ಮಾತು ಮೇಲೆ ತೇಲಿ ಹೋಗುತ್ತಿತ್ತು.

ಹೋದ ವರ್ಷ ನಾನು ಹಾಕಿಕೊಟ್ಟದ್ದು ಬಹಳ ಸರಳ. ಮೊಬೈಲಿನಲ್ಲಿ ಒಂದು ಹಲಗೆ, ಅದರಲ್ಲಿ ಆರು ಕಾಲಮ್: ಕಟಿಂಗ್, ಹೊಲಿಗೆ, ಕಾಜಾ, ವಾಷಿಂಗ್, ಫಿನಿಶಿಂಗ್, ಪ್ಯಾಕಿಂಗ್. ಒಂದು ಲಾಟಿಗೆ ಒಂದು ಕಾರ್ಡು. ಲಾಟ್ ಮುಂದಕ್ಕೆ ಹೋದಾಗ ಕಾರ್ಡನ್ನೂ ಬೆರಳಿನಿಂದ ಮುಂದಕ್ಕೆ ಸರಿಸುವುದು. ಈ ಬಗೆಯ ಹಲಗೆಗೆ ಕಾನ್‌ಬಾನ್ ಎನ್ನುತ್ತಾರೆ. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತೈಯಿಚಿ ಓನೊ ಎಂಬ ಎಂಜಿನಿಯರ್ ಬೆಳೆಸಿದ ಪದ್ಧತಿ ಅದು. ಅಲ್ಲಿ ಬಿಡಿಭಾಗಗಳ ಜೊತೆಯಲ್ಲೇ ಒಂದು ಚೀಟಿ ಸಾಗುತ್ತಿತ್ತು. ಇದನ್ನು ಮಾಸ್ಟರ್‌ಗೆ ವಿವರಿಸಿದಾಗ ಅವರು ಬಂಡಲಿಗೆ ಕಟ್ಟಿದ ಚೀಟಿಯನ್ನು ಎತ್ತಿ ತೋರಿಸಿ, ‘ಇದನ್ನು ನಮ್ಮ ಅಜ್ಜನೂ ಕಟ್ಟುತ್ತಿದ್ದರು’ ಎಂದರು. ನಾನು ಸುಮ್ಮನಾದೆ.

ಆ ಹಲಗೆ ಒಂದು ವರ್ಷ ಚೆನ್ನಾಗಿಯೇ ನಡೆಯಿತು.

ಹೊಸ ಆವೃತ್ತಿ ಬಂದದ್ದು

ಆ ಏಳನೇ ಲಾಟ್ ಇದ್ದ ಆರ್ಡರು ಹೊರ ರಾಜ್ಯದ ಒಬ್ಬ ಸಗಟು ವ್ಯಾಪಾರಿಯದು. ದೀಪಾವಳಿ ಮಾರಾಟಕ್ಕೆ 4,800 ಪ್ಯಾಂಟು, ನಾನೂರರಂತೆ ಹನ್ನೆರಡು ಲಾಟ್. ಆಯುಧಪೂಜೆಗೆ ಎರಡು ದಿನ ಮುಂಚೆ ಲೋಡ್ ಆಗಬೇಕು. ಈ ಗಡುವಿಗೆ ಕಾರಣ ವ್ಯಾಪಾರಿ ಒಬ್ಬನೇ ಅಲ್ಲ. ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದ ಮೇಲೆ ಹೊಲಿಗೆಯವರು ಊರಿಗೆ ಹೋದರೆ ಮತ್ತೆ ಎಲ್ಲರೂ ಕೂಡಿ ಕೂರುವುದಕ್ಕೆ ವಾರ ಬೇಕು. ಕೈಯಲ್ಲಿದ್ದದ್ದು ನಲವತ್ತು ದಿನ.

ಕೆಲಸ ಶುರುವಾಗುವ ವಾರದಲ್ಲೇ ಆ್ಯಪಿನ ಹೊಸ ಆವೃತ್ತಿ ಇಳಿಯಿತು. ಒಂದು ಕೆಲಸವನ್ನು ಇನ್ನೊಂದಕ್ಕೆ ಕೊಂಡಿ ಹಾಕಿದರೆ ಮೊದಲನೆಯದು ತಡವಾದಾಗ ಎರಡನೆಯದರ ತಾರೀಖು ತಾನಾಗಿಯೇ ಮುಂದೆ ಹೋಗುವ ವ್ಯವಸ್ಥೆ. ನೆಟ್‌ವರ್ಕ್ ಇಲ್ಲದಿದ್ದರೂ ಬರೆದಿಟ್ಟು ಆಮೇಲೆ ಸೇರಿಸುವ ವ್ಯವಸ್ಥೆ. ಮೇಲಿನವರು ಒಪ್ಪಿಗೆ ಕೊಟ್ಟರೆ ಮಾತ್ರ ಕೆಲಸ ಮುಗಿದಂತೆ ಎಣಿಸುವ ಬಟನ್. ಕಾರ್ಡಿಗೆ ಧ್ವನಿ ಸಂದೇಶ ಅಂಟಿಸುವುದು. ಯಾರು ಎಷ್ಟು ಹೊತ್ತು ಕೆಲಸ ಮಾಡಿದರು ಎಂಬ ಸಮಯದ ಲೆಕ್ಕ. ಇದೆಲ್ಲಕ್ಕೂ ಮೇಲೆ ಕನ್ನಡ.

ಕನ್ನಡದ ಸಂಗತಿಯನ್ನು ಬೇಗ ಮುಗಿಸಿಬಿಡುತ್ತೇನೆ. ಹಲಗೆಯ ‘ಬೋರ್ಡ್’ ಎಂಬ ಹೆಸರನ್ನು ಆ್ಯಪ್ ಮಾಡಿದವರು ‘ಮಂಡಳಿ’ ಎಂದು ಅನುವಾದಿಸಿದ್ದರು. ಮಾಲೀಕರು ಅದನ್ನು ಓದಿ, ‘ಇದೇನು ಸರ್, ನಮ್ಮ ಪ್ಯಾಂಟಿಗೆ ಆಡಳಿತ ಮಂಡಳಿ ಬೇರೆ ಇದೆಯೇ’ ಎಂದು ಕೇಳಿದರು. ಕೆಲಸ ಹೊತ್ತವನಿಗೆ ‘ನಿಯೋಜಿತ’, ಸಣ್ಣ ಕೆಲಸಕ್ಕೆ ‘ಉಪಕಾರ್ಯ’. ಚಿಕ್ಕ ಪರದೆಯಲ್ಲಿ ಅರ್ಧ ಬಟನ್ನುಗಳ ಬಾಲ ಕತ್ತರಿಸಿ ಹೋಗಿ ‘ಪರಿಶೀಲನೆಯಲ್ಲಿ…’ ಎಂಬಲ್ಲಿಗೆ ನಿಲ್ಲುತ್ತಿತ್ತು. ನಮ್ಮ ಹೊಲಿಗೆಯವರಲ್ಲಿ ಹಲವರ ಮನೆಮಾತು ತೆಲುಗು, ಮಾಸ್ಟರ್ ಮನೆಯಲ್ಲಿ ಆಡುವುದು ಉರ್ದು. ಅವರೆಲ್ಲ ನಿತ್ಯ ಆಡುವ ಅಂಗಡಿಯ ಕನ್ನಡಕ್ಕೂ ಈ ಕನ್ನಡಕ್ಕೂ ನೆಂಟಸ್ತನವೇ ಇರಲಿಲ್ಲ. ಅದೃಷ್ಟಕ್ಕೆ ಕಾಲಮ್ ಮತ್ತು ಸ್ಥಿತಿಗಳ ಹೆಸರನ್ನು ನಾವೇ ಬದಲಿಸಿಕೊಳ್ಳಲು ಅವಕಾಶವಿತ್ತು. ಅದರ ಬೆಲೆ ನನಗೆ ಗೊತ್ತಾದದ್ದು ತಡವಾಗಿ.

ನಾನು ಕೊಂಡಿ ವ್ಯವಸ್ಥೆಗೆ ಮರುಳಾದೆ. ಪ್ರತಿ ಹಂತಕ್ಕೂ ಆರಂಭ, ಅಂತ್ಯದ ತಾರೀಖು ಬೇಕಾದ್ದರಿಂದ ಒಂದು ಲಾಟಿಗೆ ಒಂದು ಕಾರ್ಡು ಸಾಲದಾಯಿತು. ಹನ್ನೆರಡು ಲಾಟ್, ಆರು ಹಂತ, ಒಟ್ಟು 72 ಕಾರ್ಡು. ಒಂದು ಭಾನುವಾರ ಪೂರ್ತಿ ಕುಳಿತು ಎಲ್ಲಕ್ಕೂ ಕೊಂಡಿ ಹಾಕಿದೆ. ಪರದೆಯ ಮೇಲೆ ಬಣ್ಣದ ಪಟ್ಟಿಗಳು ಮೆಟ್ಟಿಲಿನಂತೆ ಇಳಿದು ಬಂದಾಗ ಆದ ಸಂತೋಷ ಈಗ ನೆನೆದರೆ ಮುಜುಗರವಾಗುತ್ತದೆ.

ಯಾವುದೂ ತಡವಾಗದ ನಲವತ್ತು ದಿನ

ಮೊದಲ ಪೆಟ್ಟು ಬಿದ್ದದ್ದು ತಾರೀಖಿಗೆ. ಜಿಪ್ ಬರುವುದು ಎರಡು ದಿನ ತಡವಾಯಿತು. ಹೊಲಿಗೆಯ ತಾರೀಖು ಸರಿಯಿತು, ಅದರ ಹಿಂದೆ ಕಾಜಾ, ವಾಷಿಂಗ್, ಫಿನಿಶಿಂಗ್, ಪ್ಯಾಕಿಂಗ್ ಎಲ್ಲವೂ ಸರಿದವು. ಆಮೇಲೆ ಮಳೆ ಹಿಡಿದು ತೊಳೆದ ಮಾಲು ಒಣಗದೆ ಮೂರು ದಿನ ಹೋಯಿತು. ಬೆಲ್ಟ್, ಅಂದರೆ ಪ್ಯಾಂಟಿನ ಸೊಂಟದ ಪಟ್ಟಿ, ಹೊಲಿಯುವ ಯಂತ್ರ ಕೆಟ್ಟು ಮತ್ತೆ ಎರಡು ದಿನ. ಒಂದರ ಮೇಲೊಂದು ಕೂಡಿ ಏಳು ದಿನ. ಇಷ್ಟಾದರೂ ಪರದೆಯಲ್ಲಿ ಒಂದೇ ಒಂದು ಕೆಂಪು ಗುರುತು ಬರಲಿಲ್ಲ. ಬರುವುದಾದರೂ ಹೇಗೆ? ಕೆಲಸ ತಡವಾದಾಗಲೆಲ್ಲ ಆ್ಯಪ್ ಗಡುವನ್ನೇ ಮುಂದಕ್ಕೆ ಒಯ್ಯುತ್ತಿತ್ತು. ತಡವಾಗಿ ಬಂದ ಹುಡುಗನಿಗೋಸ್ಕರ ಶಾಲೆಯ ಗಂಟೆಯನ್ನೇ ನಿಧಾನವಾಗಿ ಹೊಡೆದ ಹಾಗೆ.

ಇಪ್ಪತ್ತಾರನೆಯ ದಿನ ಏನೋ ನೆನಪಾಗಿ ಕೊನೆಯ ಕಾರ್ಡನ್ನು ತೆರೆದೆ. ಲೋಡಿಂಗ್ ತಾರೀಖು ವಿಜಯದಶಮಿ ಕಳೆದು ನಾಲ್ಕು ದಿನಕ್ಕೆ ಹೋಗಿ ಕುಳಿತಿತ್ತು. ಹಸಿರಾಗಿಯೇ.

ಈ ಕೊಂಡಿಯ ಲೆಕ್ಕ ಹೊಸದೇನಲ್ಲ. 1957ರಲ್ಲಿ ಅಮೆರಿಕದ ಡ್ಯುಪಾಂಟ್ ರಾಸಾಯನಿಕ ಕಂಪನಿಗಾಗಿ ಮಾರ್ಗನ್ ವಾಕರ್ ಮತ್ತು ಜೇಮ್ಸ್ ಕೆಲ್ಲಿ ರೂಪಿಸಿದ ನಿರ್ಣಾಯಕ ಹಾದಿಯ ವಿಧಾನವೇ ಇದರ ಮೂಲ. ಎಲ್ಲ ಕೆಲಸಗಳ ನಡುವೆ ಯಾವುದು ಒಂದು ದಿನ ತಡವಾದರೆ ಇಡೀ ಕೆಲಸ ಒಂದು ದಿನ ತಡವಾಗುತ್ತದೆ ಎಂದು ಮೊದಲೇ ತಿಳಿದು, ಅದರ ಮೇಲೆ ಕಣ್ಣಿಡುವುದು ಅವರ ಉದ್ದೇಶ. ಅದು ಎಚ್ಚರಿಕೆಯ ಸಾಧನ. ನಮ್ಮ ಆ್ಯಪ್ ಅದರಿಂದ ತಾರೀಖು ಸರಿಸುವ ಕೈಯನ್ನು ಮಾತ್ರ ತೆಗೆದುಕೊಂಡು ಕಣ್ಣನ್ನು ಬಿಟ್ಟಿತ್ತು. ಮೊದಲು ಹಾಕಿದ ಯೋಜನೆಯನ್ನು ಹಾಗೆಯೇ ಇಟ್ಟು, ಈಗಿನದನ್ನು ಅದರ ಪಕ್ಕದಲ್ಲಿ ತೋರಿಸುವ ಸೌಲಭ್ಯ ಇತ್ತು. ಅದು ಹೆಚ್ಚು ಹಣ ಕೊಟ್ಟವರಿಗೆ.

ಇನ್ನೊಂದು ತೊಂದರೆ ಗದ್ದಲದ್ದು. ತಾರೀಖು ಸರಿದಾಗಲೆಲ್ಲ ಸಂಬಂಧಪಟ್ಟವರ ಫೋನಿಗೆ ಸೂಚನೆ ಹೋಗುತ್ತಿತ್ತು. ಕಟಿಂಗ್ ಒಂದು ದಿನ ನಿಂತರೆ ಒಂದು ಲಾಟಿಗೆ ಐದು ಕಾರ್ಡು ಸರಿಯುತ್ತವೆ, ಹನ್ನೆರಡು ಲಾಟಿಗೆ ಅರವತ್ತು. ಅರವತ್ತು ಸಲ ‘ಟಣ್’ ಎನ್ನುವ ಫೋನನ್ನು ಯಾರು ಸಹಿಸುತ್ತಾರೆ? ವಾಷಿಂಗಿನ ಮೇಸ್ತ್ರಿ ಎರಡನೇ ವಾರದಲ್ಲೇ ಸೂಚನೆಗಳನ್ನು ಬಂದ್ ಮಾಡಿದ್ದರು. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಒಂದೇ ಆ್ಯಪಿನ ಸೂಚನೆಗಳನ್ನು ಬೇರೆ ಬೇರೆ ಬಗೆಯಾಗಿ ವಿಂಗಡಿಸಿ, ಬೇಡವಾದ ಬಗೆಯನ್ನಷ್ಟೇ ಮುಚ್ಚಲು ಬರುತ್ತದೆ. ಆದರೆ ಹಾಗೆ ವಿಂಗಡಿಸಬೇಕಾದದ್ದು ಆ್ಯಪ್ ಮಾಡಿದವರು. ಇವರು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ್ದರು. ತಾರೀಖಿನ ಗದ್ದಲ ಮುಚ್ಚಿದವರಿಗೆ ಮಾಸ್ಟರ್ ಬರೆದ ಎಚ್ಚರಿಕೆಯೂ ಮುಚ್ಚಿಹೋಯಿತು.

ಬರೆದ ಮಾತು ಎಲ್ಲಿ ಹೋಯಿತು

ಸೂಚನೆ ಬರಲಿಲ್ಲ ಸರಿ, ಕಾರ್ಡಿನಲ್ಲಾದರೂ ಇರಬೇಕಿತ್ತಲ್ಲ. ಎರಡು ನೀಲಿ ಕಂಡ ದಿನವೇ ಸಂಜೆ ಕಚೇರಿಯಲ್ಲಿ ಎರಡು ಫೋನ್ ಇಟ್ಟುಕೊಂಡು ಪರೀಕ್ಷೆಗೆ ಕುಳಿತೆ. ಮೊದಲ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಒಂದು ಕಾರ್ಡಿನ ಸ್ಥಿತಿಯನ್ನಷ್ಟೇ ಬದಲಿಸಿದೆ. ಎರಡನೆಯದರಲ್ಲಿ ಅದೇ ಕಾರ್ಡಿನ ವಿವರದ ಜಾಗದಲ್ಲಿ ಒಂದು ಸಾಲು ಬರೆದೆ. ಹತ್ತು ನಿಮಿಷ ಬಿಟ್ಟು ಮೊದಲ ಫೋನಿಗೆ ನೆಟ್‌ವರ್ಕ್ ಕೊಟ್ಟೆ. ನನ್ನ ಕಣ್ಣೆದುರೇ ಎರಡನೇ ಫೋನಿನಲ್ಲಿ ಬರೆದಿದ್ದ ಸಾಲು ಮಾಯವಾಯಿತು.

ಮತ್ತೆ ಮೂರು ಸಲ ಮಾಡಿ ನೋಡಿದೆ. ಪ್ರತಿ ಸಲವೂ ಹಾಗೆಯೇ. ಆ್ಯಪ್ ಬದಲಾದ ಅಂಶವನ್ನಷ್ಟೇ ಕಳಿಸದೆ ಇಡೀ ಕಾರ್ಡಿನ ಪ್ರತಿಯನ್ನು ಕಳಿಸುತ್ತಿತ್ತು. ಯಾವ ಪ್ರತಿ ಕೊನೆಗೆ ಬಂದು ಮುಟ್ಟುತ್ತದೋ ಅದೇ ನಿಲ್ಲುತ್ತಿತ್ತು, ಒಳಗಿನ ಮಾತು ಎಷ್ಟು ಹಳೆಯದಾದರೂ ಸರಿಯೇ.

ಆ ದಿನಗಳನ್ನು ಜೋಡಿಸಿ ನೋಡಿದೆವು. ಸೋಮವಾರ ಮಧ್ಯಾಹ್ನ ಮೇಸ್ತ್ರಿ ತಗಡಿನ ಶೆಡ್ಡಿನಲ್ಲಿ ಏಳನೇ ಲಾಟಿನ ಕಾರ್ಡು ತೆರೆದು ಯಂತ್ರದ ನಂಬರ್ ಹಾಕಿದ್ದರು. ಅಲ್ಲಿ ನೆಟ್‌ವರ್ಕ್ ಬಾಗಿಲ ಬಳಿ ಮಾತ್ರ ಸಿಗುತ್ತದೆ. ಅದೇ ಸಂಜೆ ಮಾಸ್ಟರ್ ಇಲ್ಲಿ ಎರಡು ಶೇಡಿನ, ಅಂದರೆ ಎರಡು ಛಾಯೆಯ ಬಟ್ಟೆಯ, ಎಚ್ಚರಿಕೆ ಬರೆದರು. ಮಂಗಳವಾರ ಬೆಳಿಗ್ಗೆ ಮೇಸ್ತ್ರಿ ಚಹಾ ಕುಡಿಯಲು ಹೊರಗೆ ಬಂದರು. ಅವರ ಜೇಬಿನಲ್ಲಿದ್ದ ಹಳೆಯ ಪ್ರತಿ ಮೇಲೆ ಹೋಗಿ ಮಾಸ್ಟರ್ ಬರೆದದ್ದನ್ನು ಒರೆಸಿ ಹಾಕಿತು. ಇಬ್ಬರೂ ಆ್ಯಪನ್ನು ಸರಿಯಾಗಿಯೇ ಬಳಸಿದ್ದರು.

ಒಂದು ಮಾತನ್ನು ಮಾಸ್ಟರ್ ತಾವಾಗಿ ಹೇಳಿದರು, ನಾನು ಕೇಳಿರಲಿಲ್ಲ. ‘ಮುಂಚೆ ಆಗಿದ್ದರೆ ಮೇಸ್ತ್ರಿಗೆ ಫೋನ್ ಮಾಡುತ್ತಿದ್ದೆ. ಈ ಸಲ ಬರೆದಿದ್ದೇನಲ್ಲ ಎಂದು ಬಿಟ್ಟೆ.’

248 ಪ್ಯಾಂಟು ಒಂದು ಬಣ್ಣ, 152 ಇನ್ನೊಂದು. ಬಿಸಿಲಿನಲ್ಲಿ ಕುಳಿತು ಕಣ್ಣಳತೆಯಲ್ಲೇ ವಿಂಗಡಿಸಿದವರು ದಾರ ಕತ್ತರಿಸುವ ಹೆಣ್ಣುಮಕ್ಕಳು. ಕಪ್ಪಿಟ್ಟ 152ನ್ನು ಮತ್ತೊಮ್ಮೆ ತೊಳೆಸಿ ತಿಳಿಗೊಳಿಸಬೇಕಾಯಿತು. ಆದರೂ 21 ಸರಿಹೋಗದೆ ಸೆಕೆಂಡ್ಸ್ ಮಾಲಾಗಿ ಊರಲ್ಲೇ ಅಗ್ಗಕ್ಕೆ ಹೋದವು. ಗಡುವಿಗೆ ಹತ್ತು ಲಾಟ್ ಲೋಡ್ ಆಯಿತು, ಅದೂ ರಾತ್ರಿಪಾಳಿ ಮಾಡಿ. ಉಳಿದೆರಡು ದಸರೆ ಕಳೆದ ಮೇಲೆ ಬೇರೆ ಬಾಡಿಗೆ ಕೊಟ್ಟು ಹೋದವು. ಆ ಎರಡರ ಮೇಲೆ ವ್ಯಾಪಾರಿ ದರ ಮುರಿದುಕೊಂಡರು.

ಕಟಿಂಗ್ ಮೇಜಿನ ಮೇಲಿನ ಮಾತುಕತೆ

ದಸರೆ ಮುಗಿದು ಯಂತ್ರಗಳು ಮತ್ತೆ ಸದ್ದು ಮಾಡತೊಡಗಿದ ಮೇಲೆ ಒಂದು ಸಂಜೆ ಎಲ್ಲರನ್ನೂ ಕರೆದೆವು. ಮಾಲೀಕರು, ಮಾಸ್ಟರ್, ಮೇಸ್ತ್ರಿ, ಆಟೋದ ಹುಡುಗ, ಮನೆಗಳಲ್ಲಿ ಹೊಲಿಯುವವರ ಪರವಾಗಿ ಇಬ್ಬರು ಅಕ್ಕಂದಿರು. ಮಿರ್ಚಿ, ಚಹಾ ಬಂತು. ನಾನು ಶೇಡಿನ ಕಥೆ, ಎರಡು ಫೋನಿನ ಪರೀಕ್ಷೆ ಎಲ್ಲವನ್ನೂ ವಿವರಿಸಿದೆ. ಮಾಲೀಕರು ಆ್ಯಪನ್ನು ತೆಗೆದು ಹಾಕುವ ಮನಸ್ಸಿನಲ್ಲಿದ್ದರು.

ಹಿರಿಯ ಅಕ್ಕ ಬೇರೆಯೇ ದೂರು ಎತ್ತಿದರು. ಆರ್ಡರಿನ ನಡುವೆ ಅವರ ಮನೆಯಿಂದ ನಾನೂರು ಹೋಗಿದ್ದು ವಾಷಿಂಗಿನಲ್ಲಿ 388 ಎಂದು ಎಣಿಕೆಯಾಗಿತ್ತು. ಹನ್ನೆರಡರ ಕೂಲಿ ಮುರಿದಿದ್ದರು. ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡೆ: ‘ಸರ್, ನಾನು ಮುಗಿಯಿತು ಎಂದು ಒತ್ತಿದೆ. ಕೊಟ್ಟೆ ಎಂದು ಅದು ಹೇಳುತ್ತದೆ. ಅವರಿಗೆ ಮುಟ್ಟಿತು ಎಂದು ಹೇಳುವುದೇ ಇಲ್ಲವಲ್ಲ. ದಾರಿಯಲ್ಲಿ ಕಳೆದದ್ದು ಯಾರ ಲೆಕ್ಕ?’

ಆಟೋದ ಹುಡುಗ ತಲೆ ತಗ್ಗಿಸಿದ. ಅವನದೂ ತಪ್ಪಿರಲಿಲ್ಲ, ಅವನಿಗೆ ಎಣಿಸಿಕೊಡುವವರೇ ಇರಲಿಲ್ಲ.

‘ಮುಟ್ಟಿತು’ ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಮನಿಯಾರ್ಡರ್ ಕಾಲದ ಮಾತು ಅದು. ಹಣ ಕಳಿಸಿದವನು ಕಳಿಸಿದೆ ಎಂದರೆ ಆಗುತ್ತಿರಲಿಲ್ಲ, ಪಡೆದವನು ಸಹಿ ಮಾಡಿದ ಚೀಟಿ ಮರಳಿ ಬಂದರೆ ಮುಟ್ಟಿದ ಲೆಕ್ಕ. ನಮ್ಮ ಹಲಗೆಯಲ್ಲಿ ಮೊದಲಿನಿಂದಲೂ ಕಾರ್ಡು ಸರಿಸುತ್ತಿದ್ದದ್ದು ಕೊಡುವವನು. ತನ್ನ ಕೈ ಖಾಲಿಯಾದರೆ ಸಾಕು, ಅವನಿಗೆ ಕೆಲಸ ಮುಗಿಯಿತು. ಹೊಸ ಆವೃತ್ತಿ ಈ ಹಳೆಯ ದೋಷದ ಮೇಲೆ ಇನ್ನಷ್ಟು ಮಹಡಿ ಕಟ್ಟಿತ್ತು, ಅಷ್ಟೇ.

ಬದಲಿಸಿದ್ದು, ಬಿಟ್ಟದ್ದು

ಒಪ್ಪಿಗೆಯ ಬಟನನ್ನು ತಲೆಕೆಳಗು ಮಾಡಿದೆವು. ಅದನ್ನು ತಯಾರಿಸಿದವರು ಮೇಲಧಿಕಾರಿಗೆಂದು ಇಟ್ಟಿದ್ದರು. ನಾವು ಅದನ್ನು ಮಾಲು ಪಡೆಯುವವರ ಕೈಗೆ ಕೊಟ್ಟೆವು. ಹೊಲಿಗೆಯವರು ಕೊಟ್ಟದ್ದನ್ನು ಕಾಜಾದವರು ಎಣಿಸಿ, ಎಣಿಕೆಯನ್ನು ಬರೆದು ಒಪ್ಪಬೇಕು. ಕಾಜಾದವರು ಕೊಟ್ಟದ್ದನ್ನು ವಾಷಿಂಗಿನ ಮೇಸ್ತ್ರಿ ಒಪ್ಪಬೇಕು. ಅವರು ಒಪ್ಪುವ ತನಕ ಕಾರ್ಡು ಕೊಟ್ಟವರ ಹೆಸರಿನಲ್ಲೇ ಇರುತ್ತದೆ. ಸ್ಥಿತಿಯ ಹೆಸರು ‘ಮುಗಿಯಿತು’ ಎಂದು ಇದ್ದದ್ದನ್ನು ಅಳಿಸಿ ‘ಮುಟ್ಟಿತು’ ಎಂದು ಬರೆದೆ. ಅದರ ಹಿಂದಿನದು ‘ದಾರಿಯಲ್ಲಿದೆ’. ಆಟೋದ ಹುಡುಗನಿಗೂ ಒಂದು ಲಾಗಿನ್ ಬಂತು, ‘ದಾರಿಯಲ್ಲಿದೆ’ ಎಂದು ಒತ್ತುವವನು ಅವನೇ. ಅಂದರೆ ಎಣಿಸದೆ ಅವನು ಮಾಲು ಹತ್ತಿಸಿಕೊಳ್ಳುವಂತಿಲ್ಲ.

ತಾರೀಖಿನ ಕೊಂಡಿಗಳನ್ನೆಲ್ಲ ಬಿಚ್ಚಿದೆ. 72 ಕಾರ್ಡು ಮತ್ತೆ ಲಾಟಿಗೊಂದು ಕಾರ್ಡಾಗಿ ಇಳಿಯಿತು. ಲೋಡಿಂಗ್ ದಿನವನ್ನು ಬೀಗ ಹಾಕಿ ಇಟ್ಟು ಅಲ್ಲಿಂದ ಹಿಂದಕ್ಕೆ ಎಣಿಸಿ, ಪ್ರತಿ ಲಾಟ್ ವಾಷಿಂಗಿಗೆ ಹೋಗಲೇಬೇಕಾದ ಕೊನೆಯ ದಿನವನ್ನು ಮಾತ್ರ ಬರೆದೆ. ಆ ಒಂದು ದಿನ ತಪ್ಪಿದರೆ ಕಾರ್ಡು ಕೆಂಪಾಗಬೇಕು. ಆಗುತ್ತದೆ. ವಾಷಿಂಗನ್ನೇ ಏಕೆ ಆರಿಸಿಕೊಂಡೆವು ಎಂದರೆ ಉಳಿದ ಹಂತಗಳಲ್ಲಿ ನಾಲ್ಕು ಜನರನ್ನು ಹೆಚ್ಚು ಕೂರಿಸಿ ಕಳೆದ ಹೊತ್ತನ್ನು ಹಿಡಿಯಬಹುದು. ಶೆಡ್ಡಿನಲ್ಲಿ ನಮ್ಮ ಸರದಿ ತಪ್ಪಿದರೆ ಮತ್ತೊಂದು ಘಟಕದ ಮಾಲು ಒಳಗೆ ಹೋಗಿರುತ್ತದೆ.

ನೆಟ್‌ವರ್ಕ್ ಇಲ್ಲದ ಕಡೆಯ ಬರವಣಿಗೆಗೆ ಒಂದೇ ಕಟ್ಟಳೆ: ಕಾರ್ಡಿನ ವಿವರವನ್ನು ಯಾರೂ ತಿದ್ದಬಾರದು, ಹೇಳುವುದಿದ್ದರೆ ಕೆಳಗೆ ಟಿಪ್ಪಣಿಯಾಗಿ ಸೇರಿಸಬೇಕು. ಎರಡು ಫೋನಿನ ಪರೀಕ್ಷೆಯನ್ನು ಟಿಪ್ಪಣಿಗಳ ಮೇಲೂ ಮಾಡಿದ್ದೆ. ಎರಡೂ ಕಡೆಯಿಂದ ಬಂದ ಟಿಪ್ಪಣಿಗಳು ಒಂದರ ಕೆಳಗೊಂದು ಉಳಿದಿದ್ದವು. ಇದ್ದದ್ದನ್ನು ತಿದ್ದಿದರೆ ಜಗಳ, ಹೊಸದನ್ನು ಸೇರಿಸಿದರೆ ಜಗಳವಿಲ್ಲ. ಲೆಕ್ಕದ ಪುಸ್ತಕದಲ್ಲಿ ತಪ್ಪು ನಮೂದನ್ನು ಅಳಿಸದೆ ಕೆಳಗೆ ಸರಿಪಡಿಸುವ ನಮೂದು ಬರೆಯುವುದು ನನ್ನದೇ ವೃತ್ತಿಯ ಹಳೆಯ ನಿಯಮ. ಇಲ್ಲಿ ಹೊಳೆಯುವುದಕ್ಕೆ ಒಂದು ಲಾಟ್ ಎರಡು ಬಣ್ಣವಾಗಬೇಕಾಯಿತು.

ಟಿಪ್ಪಣಿಗಳಲ್ಲಿ ಹೆಚ್ಚಿನವು ಈಗ ಧ್ವನಿಯಲ್ಲೇ ಇವೆ. ಹೊಸ ಸೌಲಭ್ಯಗಳಲ್ಲಿ ಯಾರ ಒತ್ತಾಯವೂ ಇಲ್ಲದೆ ಬಳಕೆಗೆ ಬಂದದ್ದು ಇದೊಂದೇ. ಮಾಸ್ಟರ್ ಉರ್ದು ಬೆರೆಸಿ, ಅಕ್ಕಂದಿರು ತೆಲುಗು ಬೆರೆಸಿ ಮಾತಾಡುತ್ತಾರೆ, ಎಲ್ಲರಿಗೂ ತಿಳಿಯುತ್ತದೆ. ತೊಂದರೆಯೆಂದರೆ ಧ್ವನಿಯನ್ನು ಹುಡುಕಲು ಬರುವುದಿಲ್ಲ. ಹೋದ ತಿಂಗಳ ಮಾತು ಬೇಕಾದರೆ ಎಲ್ಲವನ್ನೂ ಕೇಳುತ್ತ ಕೂರಬೇಕು. ಆದ್ದರಿಂದ ಎಣಿಕೆ ಮತ್ತು ರೋಲ್ ನಂಬರ್ ಅಂಕಿಯಲ್ಲೇ ಇರಬೇಕು ಎಂದು ಇಟ್ಟುಕೊಂಡಿದ್ದೇವೆ.

ಆ್ಯಪಿನ ಹೊರಗೂ ಒಂದು ಬದಲಾವಣೆ ಆಯಿತು. ರೋಲ್ ನಂಬರನ್ನು ಅಳಿಯದ ಶಾಯಿಯಿಂದ ಬರೆದ ಬಟ್ಟೆಯ ಚೂರನ್ನು ಈಗ ಪ್ರತಿ ಪ್ಯಾಂಟಿನ ಬೆಲ್ಟಿನ ಒಳಗೆ ಒಂದು ಹೊಲಿಗೆ ಹಾಕಿ ಸೇರಿಸುತ್ತಾರೆ. ತೊಳೆದರೂ ಅದು ಉಳಿಯುತ್ತದೆ, ಫಿನಿಶಿಂಗಿನಲ್ಲಿ ಕಿತ್ತು ಹಾಕುತ್ತಾರೆ. ದೊಡ್ಡ ಕಾರ್ಖಾನೆಗಳಲ್ಲಿ ಇದು ಮೊದಲಿನಿಂದಲೂ ಇರುವ ರೂಢಿ. ಈ ಚೂರು ಮೊದಲೇ ಇದ್ದಿದ್ದರೆ ಆ್ಯಪ್ ಏನನ್ನು ಅಳಿಸಿದ್ದರೂ ಮೇಸ್ತ್ರಿಗೆ ಗೊತ್ತಾಗುತ್ತಿತ್ತು.

ಸಮಯದ ಲೆಕ್ಕದ ಸೌಲಭ್ಯದ ಮೇಲೆ ಮಾಲೀಕರಿಗೂ ನನಗೂ ಸಣ್ಣ ಜಟಾಪಟಿ ನಡೆಯಿತು. ಯಾರು ನಿಧಾನ ಎಂದು ನೋಡಬೇಕು ಎಂಬುದು ಅವರ ಆಸೆ. ಕೂಲಿ ಪೀಸಿನ ಲೆಕ್ಕದಲ್ಲಿರುವಾಗ ತಾಸಿನ ಲೆಕ್ಕ ಏಕೆ, ಪಕ್ಕದ ಗಲ್ಲಿಯ ಘಟಕದಲ್ಲೂ ಯಂತ್ರಗಳು ಖಾಲಿ ಇವೆ ಎಂದು ಮಾಸ್ಟರ್ ಒಂದು ಮಾತು ಹಾಕಿದರು. ಆ ಸೌಲಭ್ಯ ಮುಚ್ಚಿಯೇ ಇದೆ.

ಸಂಕ್ರಾಂತಿಯ ಆರ್ಡರು

ಮುಂದಿನ ಆರ್ಡರು 3,600ರದು, ಒಂಬತ್ತು ಲಾಟ್. ಎರಡನೇ ಲಾಟಿನಲ್ಲೇ ಕಾಜಾದವರು 394 ಎಂದು ಬರೆದು ಒಪ್ಪಿಗೆ ತಡೆದರು. ಹುಡುಕಿದರೆ ಉಳಿದ ಆರು ಅಕ್ಕನ ಮನೆಯ ಮಂಚದ ಕೆಳಗೇ ಇದ್ದವು. ಅದೇ ಸಂಜೆ ಸಿಕ್ಕಿತು, ಯಾರ ಕೂಲಿಯೂ ಮುರಿಯಲಿಲ್ಲ. ಐದನೇ ಲಾಟ್ ವಾಷಿಂಗಿನ ದಿನ ತಪ್ಪಿ ಕೆಂಪಾಯಿತು. ಮಾಲೀಕರು ಅಂದೇ ಎರಡು ಯಂತ್ರಕ್ಕೆ ಹೆಚ್ಚುವರಿ ಜನ ಹಾಕಿದರು. ಒಂಬತ್ತೂ ಲಾಟ್ ಒಂದೇ ಲಾರಿಯಲ್ಲಿ ಹೋದವು.

ಎಲ್ಲವೂ ಸರಿಹೋಯಿತು ಎನ್ನಲಾರೆ. ಒಬ್ಬ ಅಕ್ಕನ ಮನೆಯಲ್ಲಿರುವುದು ಒಂದೇ ಸ್ಮಾರ್ಟ್‌ಫೋನ್, ಅದು ಕಾಲೇಜಿಗೆ ಹೋಗುವ ಮಗನ ಬಳಿ ಇರುತ್ತದೆ. ಅವರ ಮನೆಯ ‘ಮುಟ್ಟಿತು’ ರಾತ್ರಿ ಎಂಟಕ್ಕೆ ಬೀಳುತ್ತದೆ. ಎಣಿಸಿ ಒಪ್ಪಿದ ಮೇಲೆ ಕಳೆದರೆ ಹೊಣೆ ಪಡೆದವರದು ಎಂಬುದು ಅರ್ಥವಾದಂತೆ ಕೆಲವರು ಒತ್ತಲು ಹಿಂಜರಿಯುತ್ತಾರೆ, ಬಂಡಲನ್ನು ಮೂರು ಸಲ ಎಣಿಸುತ್ತಾರೆ, ಆಟೋ ಕಾಯುತ್ತದೆ. ಹಳೆಯ ಹನ್ನೆರಡು ಪ್ಯಾಂಟಿನ ಕೂಲಿಯನ್ನು ಹಿರಿಯ ಅಕ್ಕನಿಗೆ ಮಾಲೀಕರು ಮರಳಿ ಕೊಟ್ಟರು. ನಾನು ಎರಡು ಸಲ ನೆನಪಿಸಿದ ಮೇಲೆ.

ಈಗ ಉಳಿದಿರುವುದು ಕೊನೆಯ ಕಾಲಮಿನ ತಕರಾರು. ಲಾರಿ ಹೊರಟಾಗ ಎಲ್ಲ ಕಾರ್ಡುಗಳೂ ‘ದಾರಿಯಲ್ಲಿದೆ’ ಎಂಬಲ್ಲಿಗೆ ಹೋಗುತ್ತವೆ. ಅವುಗಳನ್ನು ‘ಮುಟ್ಟಿತು’ ಎನ್ನಬೇಕಾದವರು ವ್ಯಾಪಾರಿ. ಅವರು ನಮ್ಮ ಆ್ಯಪಿನಲ್ಲಿ ಇಲ್ಲ, ಅವರಿಗೆ ಅವರದೇ ಬೇರೆ ಆ್ಯಪ್ ಇದೆ. ಫೋನಿನಲ್ಲಿ ‘ಮಾಲು ಬಂತು’ ಎಂದು ಹೇಳಿದ್ದರು. ಹನ್ನೊಂದು ದಿನ ಬಿಟ್ಟು ಮತ್ತೆ ಫೋನ್ ಮಾಡಿ ಮೂರು ಪ್ಯಾಂಟು ಕಡಿಮೆ ಇದೆ ಎಂದರು. ಮಾಲೀಕರು ನನ್ನ ಕಡೆ ನೋಡಿ, ‘ಒತ್ತಿಬಿಡಿ ಸರ್, ಮೂರೇ ತಾನೇ’ ಎಂದರು. ಮಾಸ್ಟರ್ ಬೇಡವೆಂದು ತಲೆಯಾಡಿಸಿದರು. ಒಂಬತ್ತೂ ಕಾರ್ಡು ಇನ್ನೂ ದಾರಿಯಲ್ಲೇ ಇವೆ.